ಮೇಡಂಗೊಂದು ಪ್ರಶ್ನೆ: ಧ್ರುವದ ಕಡಲು ಹಸಿರಾದರೆ ಒಳ್ಳೆಯದೇ ಅಲ್ಲವೇ?

ಕಳೆದ ತಿಂಗಳು ನಮ್ಮ ತೋಟದ ಕೆರೆ ಇದ್ದಕ್ಕಿದ್ದಂತೆ ಹಸಿರಾದ ಕಥೆ ಬರೆದಿದ್ದೆ. ಬರೆಯುವ ಹುರುಪಿನಲ್ಲಿ, ‘ಉತ್ತರ ಧ್ರುವದ ಸಮುದ್ರವೂ ಹೀಗೇ ಹಸಿರಾಗುತ್ತಿದೆ, ಅದು ಬೇರೆ ಮಾತು’ ಅಂತ ಕೊನೆಗೆ ಒಂದು ಸಾಲು ಸೇರಿಸಿಬಿಟ್ಟೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಕೆರೆಗೆ ಬರಲಿಲ್ಲ. ಮೂವತ್ತೊಂದು ವರ್ಷ ಬಾಟನಿ ಪಾಠ ಮಾಡಿದವಳಿಗೆ ಇದೇನು ಹೊಸದಲ್ಲ. ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಬಾಯಿ ತಪ್ಪಿ ಹೇಳಿದ ದಿನವೇ ಹಿಂದಿನ ಬೆಂಚು ಎದ್ದು ಕೂರುತ್ತಿತ್ತು. ಹಾಗಾಗಿ ಈ ಸಲದ ಪ್ರಶ್ನೆಗಳೆಲ್ಲ ಧ್ರುವದವೇ.

ಹೆಸರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಪಠ್ಯಪುಸ್ತಕ ‘ಸಸ್ಯಪ್ಲವಕ’ ಅನ್ನುತ್ತದೆ, ಇಂಗ್ಲಿಷಿನವರು ಫೈಟೊಪ್ಲಾಂಕ್ಟನ್ ಅನ್ನುತ್ತಾರೆ. ಮೊದಲನೆಯದು ನನ್ನ ವಿದ್ಯಾರ್ಥಿಗಳ ನಾಲಿಗೆಯಲ್ಲಿ ಹೊರಳಲಿಲ್ಲ, ಎರಡನೆಯದರ ಸ್ಪೆಲ್ಲಿಂಗ್ ಬರಲಿಲ್ಲ. ನಾನು ‘ತೇಲುಪಾಚಿ’ ಅಂದುಕೊಂಡು ಸಂಸಾರ ಸಾಗಿಸಿದೆ. ನೀರಿನ ಮೇಲ್ಪದರದಲ್ಲಿ ತೇಲಿಕೊಂಡು, ಬಿಸಿಲಿನಲ್ಲೇ ಅಡುಗೆ ಮಾಡಿಕೊಂಡು ಬದುಕುವ ಜೀವಿಗಳು ಇವು. ಒಂಟಿಯಾಗಿದ್ದರೆ ಬರಿಗಣ್ಣಿಗೆ ಕಾಣುವುದಿಲ್ಲ, ಕೋಟಿಗಟ್ಟಲೆ ಸೇರಿದರೆ ಉಪಗ್ರಹಕ್ಕೂ ಕಾಣುತ್ತವೆ.

“ಹಸಿರು ಹೆಚ್ಚಾದರೆ ಅದು ಹೀರುವ ಕಾರ್ಬನ್ನೂ ಹೆಚ್ಚಾಗಬೇಕಲ್ಲ ಮೇಡಂ? ತೋಟ ಹಸಿರಾಗಿ ಕಂಡರೆ ನಮಗೆ ಖುಷಿ. ಸಮುದ್ರ ಹಸಿರಾದರೆ ನೀವ್ಯಾಕೆ ಮುಖ ಸಣ್ಣ ಮಾಡುತ್ತೀರಿ?”
— ಸಕಲೇಶಪುರದ ಒಬ್ಬ ಕಾಫಿ ಬೆಳೆಗಾರರು

ಹಸಿರು ಕಂಡ ತಕ್ಷಣ ಖುಷಿಪಡುವ ಜಾತಿ ಬೆಳೆಗಾರರದ್ದಲ್ಲ ಅನ್ನುವುದು ನನಗೆ ಗೊತ್ತು. ಆಲ್ದೂರು ಕಡೆ ನಮಗೂ ನಾಲ್ಕು ಎಕರೆ ಇದೆ. ಗೊಬ್ಬರ ಹಾಕಿ ಮಳೆ ಬಿದ್ದ ಮೇಲೆ ಕಾಫಿಗಿಂತ ಮೊದಲು ಹಸಿರಾಗುವುದು ಕಳೆ. ‘ಏನು ಹಸಿರಾಯಿತು, ಯಾವಾಗ ಹಸಿರಾಯಿತು’ ಎಂದು ಕೇಳದೆ ನೀವು ಗಿಡದ ಬುಡ ಬಿಟ್ಟು ಏಳುವವರಲ್ಲ. ಸಮುದ್ರದಲ್ಲೂ ಆ ಎರಡೇ ಪ್ರಶ್ನೆ.

ನೆರಳಿನಿಂದ ಶುರುಮಾಡೋಣ. ಉತ್ತರ ಧ್ರುವದ ಆರ್ಕ್ಟಿಕ್ ಸಮುದ್ರದ ಮೇಲಿನ ಮಂಜುಗಡ್ಡೆಯನ್ನು ದಟ್ಟ ನೆರಳಿನ ತೋಟ ಅಂದುಕೊಳ್ಳಿ. (ನಮ್ಮೂರಿನಲ್ಲಿ ಮಂಜು ಅಂದರೆ ಬೆಳಗಿನ ಹೊತ್ತು ರಸ್ತೆ ಕಾಣದಂತೆ ಮಾಡುವ ಮಂಜು. ಇಲ್ಲಿ ಹೇಳುತ್ತಿರುವುದು ಗಟ್ಟಿಯಾದ, ಕಾಲಿಟ್ಟು ನಡೆಯಬಹುದಾದ ಗಡ್ಡೆ.) ಗಡ್ಡೆಗಿಂತಲೂ ಅದರ ಮೇಲೆ ಕೂತ ಹಿಮವೇ ಬೆಳಕಿಗೆ ದೊಡ್ಡ ಅಡ್ಡಿ. 1980ರ ದಶಕದಲ್ಲಿ ಸೆಪ್ಟೆಂಬರ್ ಹೊತ್ತಿಗೆ, ಅಂದರೆ ಬೇಸಿಗೆಯೆಲ್ಲ ಕರಗಿ ಮುಗಿದ ಮೇಲೂ, ಅಲ್ಲಿ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಗಡ್ಡೆ ಉಳಿಯುತ್ತಿತ್ತು. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷಕ್ಕೆ ಇಳಿಯಿತು. ಉಪಗ್ರಹಗಳು ಅಳೆಯಲು ಶುರುಮಾಡಿದ ಮೇಲೆ ಅಷ್ಟು ಕೆಳಗೆ ಹೋದದ್ದು ಅದೊಂದೇ ವರ್ಷ. 1979ರಿಂದೀಚೆಗೆ ಜಗತ್ತಿನ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಕಾಯುತ್ತಿರುವ ಜಾಗ ಅದು. ಇಷ್ಟು ದೊಡ್ಡ ಮರಗಸಿಯನ್ನು (ನೆರಳು ಕಡಿಮೆ ಮಾಡಲು ತೋಟದ ಮರಗಳ ಕೊಂಬೆ ಸವರುವುದು) ಯಾರೂ ಕಂಡಿಲ್ಲ, ಕೊಂಬೆ ಮಾತ್ರವಲ್ಲ ಮರವನ್ನೇ ಉರುಳಿಸಿದ ಹಾಗೆ.

ಬೆಳಕು ಬಿತ್ತು, ಪಾಚಿ ಎದ್ದಿತು. 1998ರಿಂದ 2018ರ ನಡುವೆ ಆರ್ಕ್ಟಿಕ್ ಸಮುದ್ರದ ತೇಲುಪಾಚಿಯ ವರ್ಷದ ಉತ್ಪಾದನೆ 57 ಶೇಕಡಾ ಹೆಚ್ಚಾಯಿತು ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಉಪಗ್ರಹಕ್ಕೆ ಕಂಡ ನೀರಿನ ಬಣ್ಣ ನೋಡಿ ಲೆಕ್ಕ ಹಾಕಿದ್ದಾರೆ. ಮೊದಲ ಹತ್ತು ವರ್ಷದ ಹೆಚ್ಚಳಕ್ಕೆ ಮುಖ್ಯ ಕಾರಣ ಗಡ್ಡೆ ಸರಿದು ತೆರೆದುಕೊಂಡ ನೀರು. ಆಮೇಲಿನ ಹೆಚ್ಚಳಕ್ಕೆ ನೀರಿನಲ್ಲೇ ಪಾಚಿ ದಟ್ಟವಾದದ್ದು ಕಾರಣ. ಅಂದರೆ ಎಲ್ಲಿಂದಲೋ ಹೊಸ ಗೊಬ್ಬರ ಬರುತ್ತಿದೆ ಅಂತ ಅರ್ಥ. ಬೇರಿಂಗ್ ಜಲಸಂಧಿಯ ಮೂಲಕ ಪೆಸಿಫಿಕ್ಕಿನ ನೀರು, ಬ್ಯಾರೆಂಟ್ಸ್ ಸಮುದ್ರದ ಕಡೆಯಿಂದ ಅಟ್ಲಾಂಟಿಕ್ಕಿನ ನೀರು ಒಳಗೆ ನುಗ್ಗುವ ದಾರಿಗಳಿವೆ. ಅಲ್ಲೆಲ್ಲ ನೈಟ್ರೇಟ್ ಸಿಗುತ್ತದೆ.

ಎಲ್ಲ ಕಡೆ ಹಾಗಿಲ್ಲ ಅನ್ನುವುದೇ ಕಥೆಯ ಎರಡನೇ ಅರ್ಧ. ಗಡ್ಡೆ ಕರಗಿದ ನೀರು ಸಿಹಿ. ಸಿಹಿನೀರು ಹಗುರ. ಅದು ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ಕೂತುಬಿಡುತ್ತದೆ. ಗೊಬ್ಬರವೆಲ್ಲ ಕೆಳಗಿನ ತಣ್ಣನೆಯ ಉಪ್ಪುನೀರಿನಲ್ಲಿ, ಬಿಸಿಲೆಲ್ಲ ಮೇಲೆ. ನಡುವೆ ಒಂದು ಮುಚ್ಚಳ. ಇಂಥ ಕಡೆ ದೊಡ್ಡ ಪಾಚಿಗೆ ಹೊಟ್ಟೆ ತುಂಬುವುದಿಲ್ಲ. ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗದಷ್ಟೂ ಇಲ್ಲದ ಮೈಕ್ರೊಮೊನಾಸ್‌ನಂಥ ಪುಟಾಣಿಗಳು ಮಾತ್ರ ಅಷ್ಟಿಷ್ಟು ಗೊಬ್ಬರದಲ್ಲೇ ಬದುಕಿಕೊಳ್ಳುತ್ತವೆ. ಕೆನಡಾದ ಉತ್ತರಕ್ಕಿರುವ ಆಳ ಸಮುದ್ರದಲ್ಲಿ 2004ರಿಂದ 2008ರವರೆಗೆ ನೀರು ಎತ್ತಿ ಎಣಿಸಿದವರು ಕಂಡದ್ದು ಇದನ್ನೇ: ಸಣ್ಣವು ಹೆಚ್ಚಾದವು, ಅವಕ್ಕಿಂತ ದೊಡ್ಡವು ಕಡಿಮೆಯಾದವು.

ದೊಡ್ಡದು ಸಣ್ಣದು ಅಂತ ನಾನು ಯಾಕೆ ಕೂದಲು ಸೀಳುತ್ತಿದ್ದೇನೆ ಅಂದರೆ, ನೀವು ಕೇಳಿದ ಕಾರ್ಬನ್ ಲೆಕ್ಕ ಇರುವುದೇ ಅಲ್ಲಿ. ದೊಡ್ಡ ಪಾಚಿಗಳಲ್ಲಿ ಮುಖ್ಯವಾದವು ಡಯಾಟಂಗಳು. ಇವಕ್ಕೆ ಗಾಜಿನ ಗೂಡು, ಮರಳಿನಲ್ಲಿರುವ ಸಿಲಿಕಾದಿಂದಲೇ ಕಟ್ಟಿಕೊಂಡದ್ದು. ಸತ್ತರೆ ಆ ಭಾರಕ್ಕೆ ಮುಳುಗುತ್ತವೆ, ತಾವು ಹೀರಿದ ಕಾರ್ಬನ್ನನ್ನೂ ಜೊತೆಗೆ ಒಯ್ಯುತ್ತವೆ. 2012ರಲ್ಲಿ ಪೋಲಾರ್‌ಸ್ಟೆರ್ನ್ ಅನ್ನುವ ಜರ್ಮನ್ ಹಡಗಿನವರು ಆರ್ಕ್ಟಿಕ್ಕಿನ ನಡುಮಧ್ಯೆ ಕ್ಯಾಮೆರಾ ಇಳಿಸಿದಾಗ, ನಾಲ್ಕು ಕಿಲೋಮೀಟರ್ ಆಳದ ತಳದಲ್ಲಿ ಮೆಲೊಸೈರಾ ಎಂಬ ಡಯಾಟಂನ ಮುದ್ದೆಗಳು ಬಿದ್ದಿದ್ದವು. ಗಡ್ಡೆಯ ಅಡಿಗೆ ಜಟೆಯಂತೆ ಜೋತುಬಿದ್ದು ಬೆಳೆಯುವ ಪಾಚಿ ಅದು. ಗಡ್ಡೆ ಕರಗಿದಾಗ ಇಡಿಯಾಗಿ ಕೆಳಗೆ ಬಿದ್ದಿತ್ತು. ಪುಟಾಣಿ ಪಾಚಿಗೆ ಆ ಭಾರವಿಲ್ಲ. ಅವನ್ನು ಇನ್ನೊಂದು ಸೂಕ್ಷ್ಮಜೀವಿ ತಿನ್ನುತ್ತದೆ, ಅದನ್ನು ಮತ್ತೊಂದು ತಿನ್ನುತ್ತದೆ, ಹೀರಿದ ಕಾರ್ಬನ್ನಿನ ಬಹುಪಾಲು ಮೇಲಿನ ನೀರಿನಲ್ಲೇ ಉಸಿರಾಗಿ ಹೋಗುತ್ತದೆ. ಉಪಗ್ರಹಕ್ಕೆ ಎರಡೂ ಹಸಿರೇ.

ಇನ್ನು ಎರಡನೇ ಪ್ರಶ್ನೆ, ಯಾವಾಗ ಅನ್ನುವುದು. ಇದನ್ನು ಬೆಳೆಗಾರರಿಗೆ ನಾನು ಹೇಳಿಕೊಡಬೇಕೇ? ಹೂ ಮಳೆ ಬಿದ್ದ ಎಂಟು ಒಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರು ದಿನ ಜೇನಿನ ಸದ್ದು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಗೆ ಆಕಾಶ ನೋಡುತ್ತಾ ಕೂರುವುದು. ಜನವರಿಯಲ್ಲಿ ಹಣ್ಣು ಇನ್ನೂ ಕಣದಲ್ಲಿರುವಾಗಲೇ ಮಳೆ ಸುರಿದರೆ? ಮಳೆ ಬಂದದ್ದೇನೋ ನಿಜ, ಹೂ ಆದದ್ದೂ ನಿಜ. ಆ ವರ್ಷದ ಲೆಕ್ಕ ನಿಮಗೇ ಗೊತ್ತು.

ಆರ್ಕ್ಟಿಕ್ಕಿನಲ್ಲಿ ಎರಡು ಹೂವಿನ ಕಾಲವಿದೆ. ಮೊದಲು ಗಡ್ಡೆಯ ಅಡಿಗೆ ಅಂಟಿ ಬೆಳೆಯುವ ಪಾಚಿ, ಆಮೇಲೆ ಗಡ್ಡೆ ಒಡೆದಾಗ ನೀರಿನಲ್ಲಿ ತೇಲುವ ಪಾಚಿ. ಕ್ಯಾಲನಸ್ ಅನ್ನುವ, ಅಕ್ಕಿಕಾಳಿಗಿಂತ ಚಿಕ್ಕದಾದ ಸೀಗಡಿ ಬಳಗದ ಜೀವಿ ಇದೆ. ಚಳಿಗಾಲವೆಲ್ಲ ಆಳದಲ್ಲಿ ಮಲಗಿರುತ್ತದೆ. ಎದ್ದು ಮೇಲೆ ಬಂದ ತಾಯಿ ಮೊದಲನೇ ಪಾಚಿ ತಿಂದು ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದ ಮರಿಗಳು ಬಾಯಿ ತೆರೆಯುವ ಹೊತ್ತಿಗೆ ಎರಡನೇ ಪಾಚಿ ಸಿದ್ಧವಾಗಿರಬೇಕು. ತಾಯಿಗೆ ಬಾಣಂತನದ ಊಟ, ಮರಿಗೆ ಅನ್ನಪ್ರಾಶನ, ಎರಡಕ್ಕೂ ಮುಹೂರ್ತ ಇಟ್ಟದ್ದು ಗಡ್ಡೆ. ಕೆಲವು ಭಾಗಗಳಲ್ಲಿ ತೇಲುಪಾಚಿಯ ಈ ಏರು ಐವತ್ತು ದಿನದಷ್ಟು ಮುಂಚೆ ಬರತೊಡಗಿದೆ ಎಂದು 1997ರಿಂದ 2009ರವರೆಗಿನ ಉಪಗ್ರಹ ಚಿತ್ರಗಳು ತೋರಿಸಿದವು. ತೇಲುಪಾಚಿಗೆ ಮೊದಲು ವರ್ಷಕ್ಕೊಂದೇ ಹೂವಿದ್ದ ಕೆಲವು ಕಡೆ ಈಗ ಶರತ್ಕಾಲದಲ್ಲಿ ಇನ್ನೊಂದು ಹೂವೂ ಬರುತ್ತಿದೆ. ಮೈತುಂಬ ಕೊಬ್ಬು ತುಂಬಿಕೊಳ್ಳುವ ಈ ಕ್ಯಾಲನಸ್ಸನ್ನೇ ನಂಬಿ ಪೋಲಾರ್ ಕಾಡ್ ಎಂಬ ಮೀನಿದೆ, ಆ ಮೀನನ್ನು ನಂಬಿ ಸೀಲ್ ಇದೆ, ಸೀಲನ್ನು ನಂಬಿ ನೀವು ಕ್ಯಾಲೆಂಡರಿನಲ್ಲಿ ನೋಡುವ ಬಿಳಿ ಕರಡಿ.

ಮುಖ ಸಣ್ಣ ಮಾಡಿದ್ದು ಇದಕ್ಕೆ. ಬೆಳೆ ಜಾಸ್ತಿಯಾಗಿಲ್ಲ ಅಂತ ನಾನು ಹೇಳುತ್ತಿಲ್ಲ.

“ಹಾಸನದ ಎಂ.ಸಿ.ಎಫ್. ಮುಂದೆಯೇ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಅಲ್ಲಿನ ಡಿಶ್‌ಗಳಿಗೆ ಈ ಪಾಚಿ ಕಾಣುತ್ತದಾ?”
— ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿ

ಇಲ್ಲಪ್ಪ. ಎಂ.ಸಿ.ಎಫ್. ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. 1982ರಲ್ಲಿ ಶುರುವಾದ ಅದು ನೋಡಿಕೊಳ್ಳುವುದು ಭೂಸ್ಥಿರ ಉಪಗ್ರಹಗಳನ್ನು. ಅವು ಸಮಭಾಜಕದ ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿ, ನೆಟ್ಟ ಕಂಬದ ಹಾಗೆ ಒಂದೇ ಕಡೆ ನಿಂತಂತೆ ಇರುತ್ತವೆ. ಟಿವಿಗೆ, ಫೋನಿಗೆ, ಹವಾಮಾನಕ್ಕೆ ಅದು ಅನುಕೂಲ. ಆದರೆ ಭೂಮಿ ಗುಂಡಗಿದೆಯಲ್ಲ, ಅಲ್ಲಿಂದ ಧ್ರುವ ನೋಡುವುದು ಅಂದರೆ ನಮ್ಮ ಮನೆ ಜಗಲಿಯಲ್ಲಿ ಕೂತು ಹೆಂಚಿನ ಆಚೆ ಮಗ್ಗುಲು ನೋಡಿದ ಹಾಗೆ. ಸುಮಾರು 81 ಡಿಗ್ರಿ ಅಕ್ಷಾಂಶದ ಆಚೆಗೆ ಅವಕ್ಕೆ ನೆಲವೇ ಕಾಣದು, ಅದಕ್ಕಿಂತ ಮೊದಲೇ ಚಿತ್ರ ಓರೆಯಾಗಿ ಕೆಟ್ಟಿರುತ್ತದೆ.

ಸಮುದ್ರದ ಬಣ್ಣ ನೋಡುವವು ಧ್ರುವದಿಂದ ಧ್ರುವಕ್ಕೆ ಸುತ್ತುವ, ಏಳುನೂರು ಚಿಲ್ಲರೆ ಕಿಲೋಮೀಟರ್ ಎತ್ತರದ ಉಪಗ್ರಹಗಳು. ಇಸ್ರೋದ ಓಷನ್‌ಸ್ಯಾಟ್‌ಗಳು ಅಂಥವು. ಮೊದಲನೆಯದು 1999ರಲ್ಲಿ, ಎರಡನೆಯದು 2009ರಲ್ಲಿ, ಮೂರನೆಯದು 2022ರ ನವೆಂಬರಿನಲ್ಲಿ ಹೋಯಿತು. ಪತ್ರಹರಿತ್ತು ನೀಲಿ ಬೆಳಕನ್ನು ನುಂಗಿ ಹಸಿರನ್ನು ಬಿಟ್ಟುಕೊಡುತ್ತದೆ. ವಾಪಸು ಬಂದ ನೀಲಿ ಎಷ್ಟು, ಹಸಿರು ಎಷ್ಟು ಎಂದು ತಾಳೆ ನೋಡಿ ಪಾಚಿ ಎಷ್ಟಿದೆ ಅಂತ ಅಂದಾಜು ಮಾಡುತ್ತಾರೆ. ಇದಕ್ಕೂ ಬಿಸಿಲು ಬೇಕು. ಮೋಡ ಕವಿದರೆ ಇಲ್ಲ, ಧ್ರುವದ ರಾತ್ರಿಯಲ್ಲಿ ಇಲ್ಲ, ಗಡ್ಡೆಯ ಅಡಿಯದ್ದು ಇಲ್ಲವೇ ಇಲ್ಲ.

ಆ ‘ಇಲ್ಲವೇ ಇಲ್ಲ’ ಎಷ್ಟು ದುಬಾರಿ ಅನ್ನುವುದು 2011ರ ಜುಲೈನಲ್ಲಿ ಗೊತ್ತಾಯಿತು. ಅಲಾಸ್ಕಾದ ಆಚೆಗಿನ ಚುಕ್ಚಿ ಸಮುದ್ರದಲ್ಲಿ ಅಮೆರಿಕದ ಹೀಲಿ ಹಡಗು ಗಡ್ಡೆ ಒಡೆಯುತ್ತಾ ಹೋಗುತ್ತಿತ್ತು. ಗಡ್ಡೆಯ ಅಡಿಯಲ್ಲಿ ಕತ್ತಲು, ಅಲ್ಲಿ ತೇಲುಪಾಚಿ ಇರಲಾರದು ಎಂದೇ ಎಲ್ಲರ ನಂಬಿಕೆ. ಒಂದು ಮೀಟರ್ ಆಸುಪಾಸು ದಪ್ಪದ ಗಡ್ಡೆಯ ಕೆಳಗೆ, ಅಂಚಿನಿಂದ ನೂರು ಕಿಲೋಮೀಟರ್ ಒಳಗಿನವರೆಗೂ ನೀರು ಹಸಿರು ಗಂಜಿಯಂತಿತ್ತು. ಗಡ್ಡೆ ತೆಳುವಾಗಿ, ಅದರ ಮೇಲೆ ಕರಗಿದ ನೀರಿನ ಹೊಂಡಗಳು ನಿಂತು, ಹೆಂಚಿನ ನಡುವೆ ಗಾಜಿನ ಹೆಂಚು ಇಟ್ಟ ಹಾಗೆ ಬೆಳಕು ಒಳಗಿಳಿದಿತ್ತು. ಯಾವ ಉಪಗ್ರಹದ ಲೆಕ್ಕದಲ್ಲೂ ಅದು ಬಂದಿರಲಿಲ್ಲ. ನಿಮ್ಮ ಪ್ರಾಜೆಕ್ಟಿಗೆ ವಿಷಯ ಬೇಕಿದ್ದರೆ, ತಾನೇ ಮುಳುಗಿ ತಾನೇ ಏಳುವ ಆರ್ಗೊ ಫ್ಲೋಟ್‌ಗಳ ಬಗ್ಗೆ ಓದಿ. ಗಡ್ಡೆಯ ಅಡಿಯ ಸುದ್ದಿ ಈಗ ತರುತ್ತಿರುವವು ಅವೇ.

“ಭೂಮಿಯ ಅರ್ಧ ಆಕ್ಸಿಜನ್ ಸಮುದ್ರದ ಪಾಚಿಯದ್ದು, ಅದು ಸತ್ತರೆ ಹತ್ತು ವರ್ಷದಲ್ಲಿ ನಾವೆಲ್ಲ ಉಸಿರುಗಟ್ಟಿ ಸಾಯುತ್ತೇವೆ ಎಂಬ ವಾಟ್ಸಾಪ್ ಸಂದೇಶ ನಿಜವೇ?”
— ಕಡೂರಿನ ಓದುಗರು

ಮೊದಲರ್ಧ ಹೆಚ್ಚುಕಡಿಮೆ ನಿಜ, ಎರಡನೇ ಅರ್ಧ ಸುಳ್ಳು. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಸಮುದ್ರದ್ದು. ಆದರೆ ಅಲ್ಲಿ ಹುಟ್ಟಿದ ಆಕ್ಸಿಜನ್ನಿನ ಬಹುಪಾಲು ಅಲ್ಲಿನ ಜೀವಿಗಳ ಉಸಿರಾಟಕ್ಕೇ, ಕೊಳೆಯುವುದಕ್ಕೇ ಖರ್ಚಾಗುತ್ತದೆ. ಗಾಳಿಯಲ್ಲಿರುವ 21 ಶೇಕಡಾ ಕೋಟ್ಯಂತರ ವರ್ಷಗಳ ಉಳಿತಾಯ, ಹತ್ತು ವರ್ಷಕ್ಕೆ ಕರಗುವ ಠೇವಣಿಯಲ್ಲ. ಪಾಚಿ ಹೋದರೆ ಮೊದಲು ಹೋಗುವುದು ಊಟ. ಸಂದೇಶ ಕಳಿಸಿದವರಿಗೆ ಇದನ್ನು ವಾಪಸು ಕಳಿಸಿ, ಸಂಬಂಧ ಕೆಡದ ಹಾಗೆ.

“ಧ್ರುವದಲ್ಲಿ ತಿಂಗಳುಗಟ್ಟಲೆ ಕತ್ತಲಂತೆ. ಅಷ್ಟು ದಿನ ಪಾಚಿ ಏನು ಮಾಡುತ್ತದೆ?”
— ಅರಕಲಗೂಡಿನ ನಿವೃತ್ತ ಶಿಕ್ಷಕರು

ಮೇಷ್ಟ್ರೇ, ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಕೆಲವು ಡಯಾಟಂಗಳು ದಪ್ಪ ಗೋಡೆ ಕಟ್ಟಿಕೊಂಡು ಬೀಜದ ಹಾಗೆ ಮಲಗುತ್ತವೆ. ಕೆಲವು ಕೂಡಿಟ್ಟ ಎಣ್ಣೆಯನ್ನು ಹನಿಹನಿಯಾಗಿ ಉರಿಸಿಕೊಂಡು ಜೀವ ಹಿಡಿದುಕೊಂಡಿರುತ್ತವೆ. ಡಯಾಟಂ ಅಲ್ಲದ ಇನ್ನು ಕೆಲವು ಪಾಚಿಗಳು ಬೆಳಕನ್ನು ಬಿಟ್ಟು, ಪುಟ್ಟ ಬ್ಯಾಕ್ಟೀರಿಯಾಗಳನ್ನು ಹಿಡಿದು ತಿನ್ನುತ್ತವೆ. ಸಸ್ಯ, ಪ್ರಾಣಿ ಅಂತ ಬೋರ್ಡಿನ ಮೇಲೆ ನಾವು ಎಳೆದ ಗೆರೆಯನ್ನು ಅವು ಓದಿಲ್ಲ.

ಸೂರ್ಯ ವಾಪಸು ಬರುವಾಗ ಎಷ್ಟು ಬೆಳಕು ಸಾಕು? 2019–20ರಲ್ಲಿ ಪೋಲಾರ್‌ಸ್ಟೆರ್ನ್ ಹಡಗು ತನ್ನನ್ನು ತಾನೇ ಗಡ್ಡೆಯಲ್ಲಿ ಸಿಕ್ಕಿಸಿಕೊಂಡು ಹೆಚ್ಚುಕಡಿಮೆ ವರ್ಷವಿಡೀ ಆರ್ಕ್ಟಿಕ್ಕಿನಲ್ಲಿ ತೇಲಿತು. ಮೋಸಾಯಿಕ್ ಅಂತ ಆ ಯಾತ್ರೆಯ ಹೆಸರು. ಮಾರ್ಚ್ ಕೊನೆಗೆ, ಹಿಮ ಹೊದ್ದ ಗಡ್ಡೆಯ ಅಡಿಯಲ್ಲಿ, ನಮ್ಮ ನಡುಹಗಲಿನ ಬಿಸಿಲಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು ಬೆಳಕಿಗೇ ಪಾಚಿ ಬೆಳೆಯಲು ಶುರುಮಾಡಿತ್ತು. ನಮಗೆ ಅದು ಬರೀ ಮಬ್ಬುಗತ್ತಲು.

ನನ್ನ ತಲೆಮಾರಿನ ಬಾಟನಿಯವರಿಗೆ ಇನ್ನೊಂದು ಸ್ವಾರಸ್ಯ. ಬಿ.ಎಸ್ಸಿ.ಯಲ್ಲಿ ನಾವು ಉರುಹೊಡೆದ ಬೆಂಥಮ್–ಹೂಕರ್ ವರ್ಗೀಕರಣದ ಹೂಕರ್ ಇದ್ದಾರಲ್ಲ, ಏಳು ಸಂಪುಟದಲ್ಲಿ ಬ್ರಿಟಿಷ್ ಇಂಡಿಯಾದ ಸಸ್ಯಗಳನ್ನು ಬರೆದವರು, ಅವರು ಇಪ್ಪತ್ತೆರಡನೇ ವಯಸ್ಸಿಗೆ ಎರೆಬಸ್ ಹಡಗಿನ ಸಹಾಯಕ ಡಾಕ್ಟರಾಗಿ ಅಂಟಾರ್ಕ್ಟಿಕಕ್ಕೆ ಹೋಗಿದ್ದರು, 1839ರಿಂದ 1843ರವರೆಗಿನ ಯಾತ್ರೆಯಲ್ಲಿ. ಅಲ್ಲಿ ಗಡ್ಡೆಯೂ ನೀರೂ ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿ, ಅದು ಕೊಳೆಯಲ್ಲ, ಡಯಾಟಂ ಎಂದು ಗುರುತಿಸಿದರು. ಆ ಸಮುದ್ರದ ಪ್ರಾಣಿಗಳೆಲ್ಲ ಕೊನೆಗೆ ಈ ಕಂದು ಬಣ್ಣವನ್ನೇ ಉಂಡು ಬದುಕುವುದು ಎಂದೂ ಕಂಡುಕೊಂಡರು. ನಾನು ಪಾಠ ಮಾಡುವಾಗ ಹೂಕರ್ ಅಂದರೆ ಬರೀ ದಳ ಎಣಿಸುವವರು ಅಂತ ತೋರಿಸಿದ್ದೆ. ಆ ಬ್ಯಾಚುಗಳ ಕ್ಷಮೆ ಇರಲಿ.

“ದಕ್ಷಿಣ ಧ್ರುವದಲ್ಲೂ ಹೀಗೆಯೇ?”
— ಬೇಲೂರಿನಿಂದ

ಅಲ್ಲಿನ ದಾರಿ ಬೇರೆ. ಅಂಟಾರ್ಕ್ಟಿಕದ ಸುತ್ತಲಿನ ಗಡ್ಡೆ 2014ರವರೆಗೂ ಹಿಗ್ಗುತ್ತಲೇ ಇತ್ತು. ‘ನೋಡಿ, ಬಿಸಿ ಏರಿಕೆ ಸುಳ್ಳು’ ಅನ್ನುವವರಿಗೆ ಒಳ್ಳೆಯ ಸುಗ್ಗಿ. ಆಮೇಲೆ ಕುಸಿಯಿತು. 2023ರ ಚಳಿಗಾಲದ ತುದಿಯಲ್ಲಿ, ಅಲ್ಲಿಯವರೆಗಿನ ಅತಿ ಕಡಿಮೆ ದಾಖಲೆಗಿಂತಲೂ ಹತ್ತು ಲಕ್ಷ ಚದರ ಕಿಲೋಮೀಟರ್ ಕಡಿಮೆ ಇತ್ತು. ಐದು ಕರ್ನಾಟಕ ಹಾಸಿದರೂ ಆ ಖಾಲಿ ಜಾಗ ಮುಚ್ಚುವುದಿಲ್ಲ.

ಅಲ್ಲಿ ಕ್ಯಾಲನಸ್ಸಿನ ಜಾಗದಲ್ಲಿ ಕ್ರಿಲ್ ಇದೆ, ಬೆರಳುದ್ದದ ಕೆಂಪು ಸೀಗಡಿಯಂಥದ್ದು. ಪೆಂಗ್ವಿನ್, ಸೀಲ್, ತಿಮಿಂಗಿಲ ಎಲ್ಲಕ್ಕೂ ಅದೇ ಅನ್ನ. ಕ್ರಿಲ್ ಮರಿಗಳು ಮೊದಲ ಚಳಿಗಾಲ ಕಳೆಯುವುದು ಗಡ್ಡೆಯ ಅಡಿಯ ಪಾಚಿಯನ್ನು ಕೆರೆದು ತಿಂದು. ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯಲ್ಲಿ ಗಡ್ಡೆ ಕಡಿಮೆಯಾದ ಮೂವತ್ತು ವರ್ಷಗಳಲ್ಲಿ ತೇಲುಪಾಚಿ 12 ಶೇಕಡಾ ಇಳಿಯಿತು ಎಂದು 2009ರಲ್ಲಿ ಲೆಕ್ಕ ಬಂತು. ಅದರಲ್ಲೂ ಉತ್ತರದ ತುದಿಯಲ್ಲಿ ಇಳಿದು, ದಕ್ಷಿಣಕ್ಕೆ ಏರಿತ್ತು. ಗಡ್ಡೆ ಹೋದರೆ ಪಾಚಿ ಹೆಚ್ಚು ಅಂತ ಉತ್ತರ ಧ್ರುವ ನೋಡಿ ಸೂತ್ರ ಕಟ್ಟಿದ್ದರೆ ಇಲ್ಲಿ ಕೈಕೊಡುತ್ತಿತ್ತು. ಆ ಉತ್ತರದ ತುದಿಯಲ್ಲಿ ಗಡ್ಡೆ ಸರಿದ ಕಡೆ ಗಾಳಿ ನೀರನ್ನು ಆಳಕ್ಕೆ ಕಲಕಿಬಿಡುತ್ತದೆ, ಪಾಚಿ ಬೆಳಕಿನಿಂದ ಕೆಳಗೆ ಜಾರುತ್ತದೆ.

“ನಮ್ಮ ತಂದೆ ಕುದುರೆಮುಖದ ಗಣಿಯಲ್ಲಿದ್ದರು. ಸಮುದ್ರಕ್ಕೆ ಕಬ್ಬಿಣ ಸುರಿದರೆ ಪಾಚಿ ಬೆಳೆದು ಭೂಮಿ ತಂಪಾಗುತ್ತದಂತೆ. ಹಾಗಿದ್ದರೆ ನಮ್ಮ ಗುಡ್ಡದಲ್ಲಿ ಬೇಕಾದಷ್ಟಿದೆಯಲ್ಲ!”
— ಕಳಸದ ಓದುಗರು

ಗುಡ್ಡವನ್ನು ಅಲ್ಲೇ ಬಿಡಿ ಸಾರ್. 2005ರ ಕೊನೆಗೆ ಗಣಿ ನಿಂತದ್ದು ಸುಲಭದಲ್ಲಿ ಆದದ್ದಲ್ಲ. ಆದರೆ ಪ್ರಶ್ನೆ ತಮಾಷೆಯದ್ದಲ್ಲ, ಅದಕ್ಕೆ ಮೂವತ್ತೈದು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ.

ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಸಾಗರದಲ್ಲಿ ನೈಟ್ರೇಟ್ ಇದೆ, ಫಾಸ್ಫೇಟ್ ಇದೆ, ಬೇಸಿಗೆಯಲ್ಲಿ ಬಿಸಿಲೂ ಇದೆ, ಆದರೂ ಪಾಚಿ ಅಷ್ಟಕ್ಕಷ್ಟೇ. ಇದಕ್ಕೆ ಉತ್ತರ ಹುಡುಕಿದವರು ಅಮೆರಿಕದ ಸಮುದ್ರ ವಿಜ್ಞಾನಿ ಜಾನ್ ಮಾರ್ಟಿನ್. ಆ ನೀರಿಗೆ ರಕ್ತಹೀನತೆ! ಕಬ್ಬಿಣ ಸಮುದ್ರಕ್ಕೆ ಬರುವುದು ನೆಲದ ಧೂಳಿನಿಂದ, ನದಿಯಿಂದ. ದಕ್ಷಿಣ ಸಾಗರದ ಪಕ್ಕದ ಅಂಟಾರ್ಕ್ಟಿಕ ಹಿಮದಡಿ ಇದೆ, ಧೂಳೇಳುವ ನೆಲವೆಲ್ಲ ದೂರ. ಪಾಚಿಗೆ ಬೇಕಾದದ್ದು ಚಿಟಿಕೆಗಿಂತ ಕಡಿಮೆ, ಅದೂ ಸಿಗುವುದಿಲ್ಲ. 1988ರಲ್ಲಿ ಮಾರ್ಟಿನ್ ತಮಾಷೆಯಾಗಿ, ‘ಅರ್ಧ ಟ್ಯಾಂಕರ್ ಕಬ್ಬಿಣ ಕೊಡಿ, ಹಿಮಯುಗ ತಂದುಕೊಡುತ್ತೇನೆ’ ಅಂದರು. 1993ರಲ್ಲಿ ತೆರೆದ ಸಮುದ್ರದಲ್ಲಿ ಮೊದಲ ಪ್ರಯೋಗ ನಡೆದು ಅವರ ಊಹೆ ನಿಜವಾಯಿತು. ಅದನ್ನು ನೋಡಲು ಅವರಿರಲಿಲ್ಲ, ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು.

ಸುರಿದದ್ದು ಅದಿರನ್ನಲ್ಲ. ನಮ್ಮ ಗುಡ್ಡದ ಮ್ಯಾಗ್ನಟೈಟ್ ನೀರಿನಲ್ಲಿ ಕರಗದೆ ನೇರ ತಳ ಸೇರುತ್ತದೆ. ಅವರು ಬಳಸುವುದು ಫೆರಸ್ ಸಲ್ಫೇಟ್. ಶಾಲೆಯಲ್ಲಿ ಹುಡುಗಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಇರುವುದೂ ಅದೇ.

ಇದರಲ್ಲಿ ನಮ್ಮವರದ್ದೂ ಒಂದು ಅಧ್ಯಾಯವಿದೆ. 2009ರ ಮೊದಲ ತಿಂಗಳುಗಳಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ, ಅದೇ ಪೋಲಾರ್‌ಸ್ಟೆರ್ನ್ ಹಡಗಿನಲ್ಲಿ ದಕ್ಷಿಣ ಅಟ್ಲಾಂಟಿಕ್ಕಿಗೆ ಹೋದವು. ಮುಂದಾಳುಗಳು ವಾಜಿಹ್ ನಖ್ವಿ ಮತ್ತು ವಿಕ್ಟರ್ ಸ್ಮೆಟಾಚೆಕ್. ಪ್ರಯೋಗದ ಹೆಸರು ‘ಲೋಹಾಫೆಕ್ಸ್’. ಹಿಂದಿಯಲ್ಲಿ ಲೋಹಾ ಅಂದರೆ ಕಬ್ಬಿಣ. ಕನ್ನಡದಲ್ಲಿ ಓದಿದ ನಾನು ಮೊದಲು ತಾಮ್ರ, ಸತು ಎಲ್ಲ ಹಾಕಿದರೇನೋ ಅಂದುಕೊಂಡಿದ್ದೆ! ಪರಿಸರದವರ ವಿರೋಧಕ್ಕೆ ಜರ್ಮನ್ ಸರ್ಕಾರ ಮಧ್ಯೆ ತಡೆದು, ಪರಿಶೀಲಿಸಿ, ಆಮೇಲೆ ಬಿಟ್ಟಿತು. ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಹಾಕಿ ಕಾದರು. ಪಾಚಿ ಎದ್ದಿತು. ಆದರೆ ಆ ನೀರಿನಲ್ಲಿ ಸಿಲಿಕಾ ಮೊದಲೇ ಮುಗಿದಿತ್ತು, ಗಾಜಿನ ಗೂಡು ಕಟ್ಟಲು ಸಾಮಾನಿಲ್ಲದೆ ಡಯಾಟಂ ಏಳಲಿಲ್ಲ. ಎದ್ದ ಸಣ್ಣ ಪಾಚಿಯನ್ನು ಕ್ಯಾಲನಸ್ಸಿನ ಬಳಗದವು ಮೇಯ್ದವು, ಅವನ್ನು ಇನ್ನೊಂದು ಸೀಗಡಿ ಜಾತಿ ಮೇಯಿತು. ಆಳಕ್ಕೆ ಇಳಿದ ಕಾರ್ಬನ್ ಇಷ್ಟೇ ಇಷ್ಟು. ಐದು ವರ್ಷ ಮೊದಲು, 2004ರಲ್ಲಿ, ಇದೇ ಹಡಗಿನವರು ಸಿಲಿಕಾ ಇದ್ದ ನೀರಿನಲ್ಲಿ ಹೀಗೇ ಮಾಡಿದ್ದಾಗ ಎದ್ದ ಡಯಾಟಂನಲ್ಲಿ ಅರ್ಧಕ್ಕೂ ಹೆಚ್ಚು ಸಾವಿರ ಮೀಟರಿನ ಕೆಳಗೆ ಮುಳುಗಿತ್ತು. ಸಕಲೇಶಪುರದವರಿಗೆ ಹೇಳಿದ ಮಾತೇ ಬಂತು ನೋಡಿ, ಏನು ಬೆಳೆಯಿತು ಅನ್ನುವುದು.

ನನ್ನನ್ನು ಕೇಳಿದರೆ ಲೋಹಾಫೆಕ್ಸ್ ಸೋತ ಪ್ರಯೋಗವಲ್ಲ. ಹೀಗೆ ಸುರಿದು, ಹೀರಿಸಿದ ಕಾರ್ಬನ್ನಿನ ಲೆಕ್ಕ ತೋರಿಸಿ ಕ್ರೆಡಿಟ್ ಮಾರುತ್ತೇವೆ ಅಂತ ಅಂಗಡಿ ತೆರೆಯಲು ಹೊರಟವರಿಗೆ ಅದು ಒಳ್ಳೆಯ ಉತ್ತರ ಕೊಟ್ಟಿತು. ಸಂಶೋಧನೆಗಲ್ಲದೆ ಹೀಗೆ ಸುರಿಯುವುದು ಸಲ್ಲದು ಎಂದು ಸಮುದ್ರಕ್ಕೆ ಕಸ ಸುರಿಯುವುದನ್ನು ತಡೆಯುವ ಲಂಡನ್ ಒಪ್ಪಂದದ ದೇಶಗಳು 2008ರಲ್ಲೇ ನಿರ್ಣಯ ಮಾಡಿವೆ. ಪ್ರಕೃತಿಗೆ ಮಾತ್ರ ನಿರ್ಣಯ ಅನ್ವಯಿಸುವುದಿಲ್ಲ. 2019–20ರ ಆಸ್ಟ್ರೇಲಿಯಾ ಕಾಡ್ಗಿಚ್ಚಿನ ಬೂದಿ ಹೊತ್ತ ಕಬ್ಬಿಣ ದಕ್ಷಿಣ ಸಾಗರಕ್ಕೆ ಬಿದ್ದು, ಸಾವಿರಾರು ಕಿಲೋಮೀಟರ್ ಆಚೆ ಪಾಚಿ ಎದ್ದಿತ್ತು.

“ಇದೆಲ್ಲ ಕಟ್ಟಿಕೊಂಡು ಮಲೆನಾಡಿನ ನಮಗೇನು?”
— ಚಿಕ್ಕಮಗಳೂರು, ಹೆಸರು ಬರೆದಿಲ್ಲ

ಧ್ರುವದ ಪಾಚಿ ಕಡಿಮೆಯಾದರೆ ಮೂಡಿಗೆರೆಗೆ ಇಷ್ಟು ಇಂಚು ಮಳೆ ಕಡಿಮೆ ಅಂತ ನಾನು ಹೇಳಿದರೆ ನಿಮಗೆ ಸಮಾಧಾನವಾಗಬಹುದು, ಆದರೆ ಅದು ಸುಳ್ಳಾಗುತ್ತದೆ. ಬಂಗುಡೆ, ಬೂತಾಯಿಗೂ ಇದಕ್ಕೂ ನೇರ ಸಂಬಂಧವಿಲ್ಲ, ಅವು ಉಣ್ಣುವುದು ಅರಬ್ಬಿ ಸಮುದ್ರದ ಪಾಚಿಯನ್ನು. ಇರುವ ಕೊಂಡಿ ಕಾರ್ಬನ್ನಿನದ್ದು. ನಾವೆಲ್ಲ ಸೇರಿ ಬಿಡುವ ಹೊಗೆಯಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ನುಂಗಿಕೊಳ್ಳುತ್ತಿದೆ, ಅದರಲ್ಲಿ ದಕ್ಷಿಣ ಸಾಗರದ ಪಾಲು ದೊಡ್ಡದು. ಅದಕ್ಕೆ ತಣ್ಣೀರು ಹೆಚ್ಚು ಕಾರಣ, ಪಾಚಿ ಸ್ವಲ್ಪ ಕಾರಣ. ಅಷ್ಟೇ ಉತ್ತರ. ಕುತೂಹಲಕ್ಕೆ ‘ನಮಗೇನು’ ಅಂತ ಟಿಕೆಟ್ ಕೇಳುವುದು ನನಗೆ ಹಿಡಿಸುವುದಿಲ್ಲ ಅನ್ನುವುದು ಬೇರೆ.

“ನನಗೆ ತೇಲುಪಾಚಿ ನೋಡಬೇಕು. ಆದರೆ ಧ್ರುವಕ್ಕೆ ಹೋಗಲು ಆಗುವುದಿಲ್ಲ.”
— ತರೀಕೆರೆಯ ಒಂಬತ್ತನೇ ತರಗತಿ ಹುಡುಗಿ

ಹೋಗಬೇಕಾಗಿಲ್ಲ ಮಗಳೇ. ಊರ ಕೆರೆ ಸಾಕು. ಹಳೆಯ ನೈಲಾನ್ ಕಾಲುಚೀಲ ಒಂದು ತಗೋ. ಅದರ ಬಾಯಿಗೆ ತಂತಿಯ ಬಳೆ ಹೊಲಿ, ಬೆರಳಿನ ಕಡೆ ಕತ್ತರಿಸಿ ಪುಟ್ಟ ಔಷಧಿ ಬಾಟಲಿ ಕಟ್ಟು. ಹಗ್ಗ ಹಾಕಿ ನೀರಿನಲ್ಲಿ ಹತ್ತು ಸಲ ನಿಧಾನ ಎಳೆ. ಕಾಲುಚೀಲದ ತೂತು ದೊಡ್ಡದು, ತೀರ ಸಣ್ಣವು ತಪ್ಪಿಸಿಕೊಳ್ಳುತ್ತವೆ, ಪರವಾಗಿಲ್ಲ. ಸೋಪಾನದ ಹಾವಸೆ ಜಾರುತ್ತದೆ, ಅಪ್ಪನೋ ಅಮ್ಮನೋ ಜೊತೆಗಿರಲಿ. ಬಾಟಲಿಯ ಒಂದು ಹನಿಯನ್ನು ಶಾಲೆಯ ಮೈಕ್ರೊಸ್ಕೋಪಿನಲ್ಲಿ ಇಡು. ದೋಣಿಯ ಆಕಾರದ, ಹೊನ್ನಿನ ಬಣ್ಣದ, ತಾವಾಗಿಯೇ ಮೆಲ್ಲಗೆ ಜಾರುವ ಗಾಜಿನ ತುಂಡುಗಳು ಕಂಡರೆ ಅವೇ ಡಯಾಟಂ. ಧ್ರುವದಲ್ಲಿರುವವು ಇವುಗಳ ದಾಯಾದಿಗಳು.

ಇನ್ನೊಂದು ಕೆಲಸ. ಬಿಳಿ ಬಣ್ಣ ಬಳಿದ ಒಂದು ತಟ್ಟೆಯ ನಡುವೆ ತೂತು ಮಾಡಿ, ಅಡಿಗೆ ಕಲ್ಲು ಕಟ್ಟಿ ನೀರಿಗೆ ಇಳಿಸು. ಎಷ್ಟು ಆಳಕ್ಕೆ ತಟ್ಟೆ ಮಾಯವಾಗುತ್ತದೋ ಹಗ್ಗಕ್ಕೆ ಅಲ್ಲಿ ಗಂಟು ಹಾಕಿ ಅಳೆ. 1865ರಲ್ಲಿ ಸೆಕ್ಕಿ ಅನ್ನುವ ಇಟಲಿಯ ಪಾದ್ರಿ ಮಾಡಿದ್ದು ಇಷ್ಟೇ, ಇವತ್ತಿಗೂ ಹಡಗುಗಳಲ್ಲಿ ಅವರ ಹೆಸರಿನ ತಟ್ಟೆ ಇರುತ್ತದೆ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಒಂದೇ ಮೆಟ್ಟಿಲಿನಿಂದ ಅಳೆದು ನೋಟ್‌ಬುಕ್ಕಿನಲ್ಲಿ ಬರೆ. ದಿನಾಂಕ ಹಾಕುವುದನ್ನು ಮಾತ್ರ ಮರೆಯಬೇಡ. ನನ್ನ ಮೊದಲ ಹತ್ತು ವರ್ಷದ ಸ್ಲೈಡುಗಳು ಈಗಲೂ ಅಟ್ಟದ ಪೆಟ್ಟಿಗೆಯಲ್ಲಿವೆ, ಒಂದರ ಮೇಲೂ ದಿನಾಂಕ ಇಲ್ಲ.